ಠಾಣೆಯ ಕೋಳಿ ಸಾರು

ಸಾಹುಕಾರರ ಹಿತ್ತಾಳೆ ಹಂಡೆ ಕದ್ದನೆಂದು ಪಾತ್ರೆಗೆ ಕಲಾಯಿ ಹಾಕುವವನೊಬ್ಬನನ್ನು ಪೊಲೀಸರು ಹಿಡಿದರು. ಹಂಡೆ ಮಾತ್ರ ಸಿಗಲಿಲ್ಲ. ಬುಧವಾರ ಕೋರ್ಟಿನ ಮೆಟ್ಟಿಲ ಬಳಿ ಇನ್ಸ್‌ಪೆಕ್ಟರ್ ಪಂಪಾಪತಿ ಮೀಸೆ ತಿರುವಿದರು.

"ಪೊಲೀಸರು ತೊಂದರೆ ಕೊಟ್ರಾ ಅಂತ ಜಡ್ಜ್ ಸಾಹೇಬ್ರು ಕೇಳ್ತಾರೆ. ಚೆನ್ನಾಗಿ ನೋಡ್ಕೊಂಡ್ರು ಅನ್ನು. ಬೇರೆ ಮಾತಾಡಿದ್ಯೋ, ಮತ್ತೆ ನನ್ನ ಕೈಗೇ ಸಿಗ್ತೀಯ."

"ಆಗ್ಲಿ ಸಾರ್."

ಒಳಗೆ ಪಂಪಾಪತಿ ವಿನಯದಿಂದ ಬಾಗಿದರು. "ನಿನ್ನೆ ಸಂಜೆ ಬಂಧಿಸಿದೆವು. ಕಾನೂನಿನಂತೆ ಒಂದು ದಿನದೊಳಗೆ ತಂದಿದ್ದೇವೆ. ಇನ್ನೊಂದು ವಾರ ನಮ್ಮ ವಶಕ್ಕೆ ಕೊಡಿ."

ನ್ಯಾಯಾಧೀಶರು ವಾಡಿಕೆಯ ಪ್ರಶ್ನೆ ಕೇಳಿದರು. "ಪೊಲೀಸರಿಂದ ತೊಂದರೆ ಆಯಿತೇನಪ್ಪ?"

"ಛೆ ಛೆ! ಬಂಗಾರದಂಥ ಜನ ಸ್ವಾಮಿ. ಭಾನುವಾರ ಕೋಳಿ ಸಾರು ಹಾಕಿದ್ರು. ಸೋಮವಾರ ಶಿವನ ವಾರ ಅಂತ ಬರೀ ಉಪ್ಪಿಟ್ಟು. ನನ್ನ ಮಾವನ ಮನೇಲೂ ಇಷ್ಟು ದಿನ ಉಳಿಸ್ಕೊಂಡಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದರು. "ನಿನ್ನೆ ಸಂಜೆ ಹಿಡಿದವನಿಗೆ ಭಾನುವಾರದ ಕೋಳಿ ಸಾರು ಹೇಗೆ ಸಿಕ್ಕಿತು, ಪಂಪಾಪತಿ?"

ಪಂಪಾಪತಿಯವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕಲಾಯಿಯವನಿಗೆ ಜಾಮೀನು ಸಿಕ್ಕಿತು, ಇನ್ಸ್‌ಪೆಕ್ಟರಿಗೆ ನೋಟಿಸು.

ಹೊರಗೆ ಅವರು ಹಲ್ಲು ಕಡಿದರು. "ಏನೋ ಹೇಳ್ಬಿಟ್ಟೆ ನೀನು?"

"ನೀವು ಹೇಳಿಕೊಟ್ಟಿದ್ದೇ ಸಾರ್. ಸಾರಿಗೆ ಉಪ್ಪು ಕಮ್ಮಿ ಇತ್ತು, ಅದೊಂದನ್ನ ಮಾತ್ರ ಮುಚ್ಚಿಟ್ಟೆ."