ಶೇಷಯ್ಯನ ಬಿಲ ಯಾರಿಗೆ?

ಒಂದು ಕಾಡಿನಲ್ಲಿ ಶೇಷಯ್ಯ ಎಂಬ ಮುಳ್ಳುಹಂದಿ ತೀರಿಕೊಂಡಿತು. ಹೆಂಡತಿ ವೆಂಗಮ್ಮ ಮತ್ತು ಎರಡು ಚಿಕ್ಕ ಮಕ್ಕಳು ಉಳಿದರು. ಆಸ್ತಿ ಎಂದರೆ ಬಂಡೆಯ ಕೆಳಗಿನ ಒಂದು ಬಿಲ. ಗಂಡ ಹೆಂಡತಿ ಸೇರಿ ಮೂರು ಬೇಸಿಗೆ ತೋಡಿದ್ದು. ಎಷ್ಟೇ ಮಳೆ ಸುರಿದರೂ ಒಳಗೆ ಒಂದು ಹನಿ ನೀರು ಬರುತ್ತಿರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದಿತ್ತು. ಆಗ ಹಳ್ಳದಾಚೆಯ ಗುಳ್ಳೆನರಿ ಕಣ್ಣೊರೆಸಿಕೊಳ್ಳುತ್ತಾ ಬಂದಿತು.

"ಅಯ್ಯೋ, ನಮ್ಮಣ್ಣ ಹೋಗಿಬಿಟ್ಟನಲ್ಲಾ! ಅತ್ತಿಗೆ, ಈ ಬಿಲವನ್ನು ಅಣ್ಣ ನನಗೇ ಕೊಟ್ಟಿದ್ದಾನೆ. ಮಳೆಗಾಲ ಹತ್ತಿರ ಬಂತು. ನಾಳೆಯೇ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಡಿ."

ವೆಂಗಮ್ಮನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಊಟಕ್ಕೆ ಬಂದಿದ್ದ ಹಿರಿಯ ಕಡವೆ ಎಲ್ಲರನ್ನೂ ಅಲ್ಲೇ ಕೂರಿಸಿತು.

"ಮೈಮೇಲೆ ಒಂದು ಮುಳ್ಳಿಲ್ಲ, ನೀನು ಅವನಿಗೆ ತಮ್ಮ ಹೇಗಾದೆಯೋ?" ಎಂದು ಕೂತವರಲ್ಲಿದ್ದ ಮೊಲ ಕೇಳಿತು.

"ಒಡಹುಟ್ಟಿದವರಿಗಿಂತ ಹೆಚ್ಚು ನಾವು. ದಿನವೂ ಸಿಗುತ್ತಿದ್ದೆವು" ಎಂದಿತು ನರಿ.

"ಬಿಲ ಕೊಟ್ಟದ್ದು ಯಾವಾಗಪ್ಪ?" ಎಂದು ಕಡವೆ ನಿಧಾನವಾಗಿ ಕೇಳಿತು.

ನರಿ ಯೋಚಿಸಿತು. ಪುಣ್ಯದಿನದ ಹೆಸರು ಹೇಳಿದರೆ ಮಾತಿಗೆ ತೂಕ ಬರುತ್ತದೆ ಎಂದುಕೊಂಡಿತು. ಕೈಮುಗಿದು, "ಹೋದ ತಿಂಗಳ ಏಕಾದಶಿಯಂದು, ಅಜ್ಜಾ. 'ತಮ್ಮಾ, ನನ್ನ ನಂತರ ಬಿಲ ನಿನಗೇ' ಎಂದ. ಕಿವಿಯಾರೆ ಕೇಳಿದ್ದೇನೆ. ಉಪವಾಸವಿದ್ದವನು ಸುಳ್ಳು ಹೇಳುತ್ತಾನೆಯೇ?" ಎಂದಿತು.

ವೆಂಗಮ್ಮ ತಲೆಯೆತ್ತಿದಳು. "ದಿನವೂ ಸಿಗುತ್ತಿದ್ದವರಿಗೆ ಇದು ತಿಳಿಯದೇ? ನಮ್ಮ ಯಜಮಾನರು ಏಕಾದಶಿಗೆ ಮೌನವ್ರತ ಹಿಡಿಯುತ್ತಿದ್ದರು. ಮಗಳು ಹುಟ್ಟಿದ್ದು ಏಕಾದಶಿಯಂದೇ. ಗಂಡೋ ಹೆಣ್ಣೋ ಎಂದು ಕೂಡ ಅವರು ಬಾಯಿಬಿಟ್ಟು ಕೇಳಲಿಲ್ಲ."

"ಹೌದು, ಹೌದು" ಎಂದರು ಕೂತವರೆಲ್ಲ.

ನರಿ ತಡವರಿಸಿತು. "ಅಂದರೆ... ಬಾಯಲ್ಲಿ ಹೇಳಲಿಲ್ಲ. ಸನ್ನೆ ಮಾಡಿದ."

"ಸನ್ನೆಯನ್ನೂ ಕಿವಿಯಾರೆ ಕೇಳಿದೆಯೇನೋ?" ಎಂದಿತು ಮೊಲ.

ಎಲ್ಲರೂ ನಕ್ಕರು. ಕಡವೆ ಮಾತ್ರ ನಗಲಿಲ್ಲ. "ಸತ್ತವನು ಎದ್ದುಬಂದು ಅಲ್ಲ ಎನ್ನಲಾರ ಎಂದು ಅವನ ಬಾಯಲ್ಲಿ ಮಾತಿಟ್ಟೆ. ಇನ್ನು ಈ ಕಾಡಿನಲ್ಲಿ ನಿನ್ನ ಮಾತನ್ನು ಯಾರೂ ನಂಬುವುದಿಲ್ಲ. ಹಳ್ಳ ದಾಟು, ಮತ್ತೆ ಈಚೆ ಬರಬೇಡ." ನರಿ ಬಾಲ ಮುದುರಿಕೊಂಡು ಹೊರಟಿತು.

ಬಂದವರು ಏಳತೊಡಗಿದರು. ವೆಂಗಮ್ಮ ತಡೆದಳು.

"ಇನ್ನೂ ಸ್ವಲ್ಪ ಕೂತುಕೊಳ್ಳಿ, ಅಜ್ಜಾ. ಈ ಬಿಲ ನನ್ನದು, ನನ್ನ ನಂತರ ಇಬ್ಬರು ಮಕ್ಕಳದು ಎಂದು ಇವತ್ತೇ ಎಲ್ಲರ ಮುಂದೆ ಹೇಳಿಬಿಡಿ. ನಾಳೆ ಇನ್ನೊಬ್ಬ ಮೈದುನ ಹುಟ್ಟಿಕೊಂಡರೆ ನಾನೇನು ಮಾಡಲಿ?"

ಕಡವೆ ತಲೆದೂಗಿತು. ಮತ್ತೆ ಕೂತು, ಎಲ್ಲರಿಗೂ ಕೇಳುವಂತೆ ಹಾಗೆಯೇ ಹೇಳಿತು.

ನೀತಿ: ಸತ್ತವರ ಹೆಸರಿನಲ್ಲಿ ಸುಳ್ಳು ಹೇಳುವವನನ್ನು ಅವನ ಸುಳ್ಳೇ ಹಿಡಿದುಕೊಡುತ್ತದೆ. ಆದರೂ ನಮ್ಮ ಹಕ್ಕನ್ನು ನಾವೇ ಕೇಳಿ, ಹಿರಿಯರ ಮುಂದೆ ಗಟ್ಟಿ ಮಾಡಿಕೊಳ್ಳಬೇಕು.