ಪದುಮಲೆಯ ಮೂರನೇ ಒಗಟು

“ಕೇಳಿರಪ್ಪೋ ಕೇಳಿ! ಅಮ್ಮಣ್ಣಿ ಪದುಮಲೆಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ. ತಪ್ಪು ಹೇಳಿದವನ ತಲೆ ಸೋಮವಾರ ಉರುಳುತ್ತದೆ!”

ಹೀಗೆ ಡಂಗುರ ಹೊಡೆಸಿದ ದೊರೆಯ ನಿಜವಾದ ಹೆಸರು ಯಾರಿಗೆ ನೆನಪಿದೆ! ಏಳುವುದಕ್ಕೊಂದು, ಸೀನುವುದಕ್ಕೊಂದು ಕಟ್ಟಳೆ ಮಾಡಿದ್ದ ಅವನನ್ನು ಬೆನ್ನ ಹಿಂದೆ ಎಲ್ಲರೂ ಕಟ್ಟಳೆರಾಯ ಅನ್ನುತ್ತಿದ್ದರು. ಮಗಳ ಮದುವೆಗೆ ಮಗಳನ್ನೇ ಕೇಳಿರಲಿಲ್ಲ, ಆ ಮಹಾನುಭಾವ. ಒಗಟು ಹಾಕುವುದಕ್ಕಷ್ಟೇ ಅವಳಿಗೆ ಅಪ್ಪಣೆ.

ಉಪ್ಪು ಮಾರುವ ಜುಂಜ ಅರಮನೆಯಲ್ಲಿ ಮೂಟೆ ಇಳಿಸುವಾಗ ಮೊದಲ ಒಗಟು ಕಿವಿಗೆ ಬಿತ್ತು. ಯಾರೂ ಅಪ್ಪಣೆ ಕೊಡದಿದ್ದರೂ ಊರೆಲ್ಲ ಪಾಲಿಸುವುದು, ದೊರೆಯೂ ಪಾಲಿಸುವುದು ಯಾವುದು? ಒಬ್ಬ ರಾಜಕುಮಾರ ದೊರೆಯ ಭಯ ಅಂದ, ಇನ್ನೊಬ್ಬ ಶಾಸ್ತ್ರ ಅಂದ. ಇಬ್ಬರೂ ಸೆರೆಮನೆ ಸೇರಿ ಸೋಮವಾರ ಕಾಯುತ್ತಿದ್ದರು. ಜುಂಜನಿಗೆ ಮಾತ್ರ ಅದೇನಿರಬಹುದು ಎಂಬ ಗುಂಗು ಹಿಡಿಯಿತು. ಪದುಮಲೆಯನ್ನು ಉಪ್ಪರಿಗೆಯಲ್ಲಿ ಕಂಡು ಮನಸೋತಿದ್ದೂ ನಿಜ, ಮುಚ್ಚಿಡುವುದೇಕೆ?

ಮರುದಿನ ಸಭೆಗೆ ಹೋಗಿ ನಿಂತ. ಅದು ನಾವು ಆಡುವ ಮಾತು ಅಂದ. ಉಪ್ಪನ್ನು ಉಪ್ಪು ಅನ್ನಬೇಕೆಂದು ಯಾವ ದೊರೆಯೂ ಹೇಳಿಲ್ಲ, ಆದರೂ ದೊರೆ ಉಪ್ಪು ಕೇಳುವಾಗ ಉಪ್ಪು ಅಂತಲೇ ಕೇಳಬೇಕು. ಸಭೆ ತಲೆದೂಗಿತು.

ಎರಡನೆಯದು: ತಿರುಕನಿಗೂ ಇರುವ ಒಂದು ಕೋಣೆ, ನೂರು ಕಾವಲುಗಾರರು ಬಂದರೂ ಹೊಕ್ಕು ನೋಡಲಾಗದು. ಮನಸ್ಸು, ಅಂದ ಜುಂಜ. ಕಟ್ಟಳೆರಾಯ ಸಿಂಹಾಸನದಲ್ಲಿ ಮಿಸುಕಾಡಿದ.

ಪದುಮಲೆ ಎದ್ದು ನಿಂತಳು. “ನನ್ನಲ್ಲಿ ಒಂದಿದೆ. ಅಪ್ಪ ಕೊಡಲಾರ, ಗೆದ್ದವನು ಪಡೆಯಲಾರ, ಕಸಿದರೆ ಇಲ್ಲವಾಗುತ್ತದೆ. ಏನದು?”

ಜುಂಜನಿಗೆ ಉತ್ತರ ಗೊತ್ತಿತ್ತು, ಅದನ್ನು ಹೇಳಿದರೆ ಗೆದ್ದ ಮಾತ್ರಕ್ಕೆ ಅವಳು ತನ್ನವಳಾಗುವುದಿಲ್ಲ ಎಂಬುದೂ ಗೊತ್ತಿತ್ತು.

“ನಿಮ್ಮ ಒಪ್ಪಿಗೆ, ಅಮ್ಮಣ್ಣಿ.”

ಸರಿ ಎಂದಳು ಅವಳು. ದೊರೆ ಖುಷಿಯಾಗಿ, ಕರಕೊಂಡು ಹೋಗೋ ಅಂದುಬಿಟ್ಟ. ಜುಂಜ ಕೈಮುಗಿದ.

“ಅವರ ಒಪ್ಪಿಗೆ ಕೇಳದೆ ಹೀಗೇ ಕರಕೊಂಡು ಹೋದರೆ ನನ್ನ ಉತ್ತರ ಸುಳ್ಳಾಗುತ್ತದೆ ಬುದ್ಧಿ. ಸುಳ್ಳಾದರೆ ತಲೆ ಹೋಗುತ್ತದೆ.”

ನೀನು ಬೇಡ ಅಂದರೂ ಕಟ್ಟಳೆ ಮುರಿದಂತೆ, ಆಗಲೂ ತಲೆ ಹೋಗುತ್ತದೆ ಎಂದು ದೊರೆ ಗುಡುಗಿದ. ಹಾಗಾದರೆ ಅಮ್ಮಣ್ಣಿಯವರನ್ನೇ ಕೇಳಿ ಬುದ್ಧಿ, ಅಂದ ಜುಂಜ.

ಪಾಪ, ದೊರೆಗೆ ಕೇಳಿಯೇ ಅಭ್ಯಾಸವಿಲ್ಲ. ಎರಡು ಸಲ ಕೆಮ್ಮಿ, “ಏನಮ್ಮಾ, ಆಗಬಹುದಾ?” ಅಂದ.

ಪದುಮಲೆ ಜುಂಜನನ್ನು ಅಕ್ಕರೆಯಿಂದಲೇ ನೋಡಿದಳು. “ಬೇಡ ಅಪ್ಪಾಜಿ. ನನಗೆ ಈಗ ಮದುವೆಯೇ ಬೇಡ.”

ಜುಂಜ ಅವಳು ಹೂಂ ಅನ್ನಬಹುದೆಂದು ಒಳಗೊಳಗೇ ಆಸೆಪಟ್ಟಿದ್ದ. ಸಭೆಯೆಲ್ಲ ದೊರೆಯ ಮುಖ ನೋಡಿತು. ಅವನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟ, ಆಮೇಲೆ ಕೈ ತೆಗೆದ.

“ಬೇಡ ಅಂದಳಲ್ಲ. ಮುಗಿಯಿತು.”

ಸೆರೆಯಲ್ಲಿದ್ದ ಇಬ್ಬರನ್ನೂ ಅವರವರ ತಲೆಯ ಸಮೇತ ಊರಿಗೆ ಕಳಿಸಿದ. ಜುಂಜನಿಗೆ ಏನು ಕೊಡಲಿ ಎಂದು ಯೋಚಿಸಿ, ಕೊನೆಗೆ ಸಿಂಹಾಸನದಿಂದ ಇಳಿದು ಬಂದು ಅವನ ಮುಂದೆ ನಿಂತ.

“ಒಂದು ಜೊತೆ ಎತ್ತು ಬೇಕೇನಪ್ಪಾ?” ಎಂದು ಕೇಳಿದ.

ಬೇಕು ಬುದ್ಧಿ, ಅಂದ ಜುಂಜ.