ಓಬೋ ಕೊಟ್ಟ ಶ್ರುತಿ

ಆ ವಾದ್ಯವೃಂದದಲ್ಲಿ ಎಲ್ಲರಿಗೂ ಶ್ರುತಿ ಕೊಡುತ್ತಿದ್ದುದು ಓಬೋ ಎಂಬ ಮುದಿ ಊದುವಾದ್ಯ. ಬಹುಪಾಲು ವಾದ್ಯಗಳು ಅದರ ಬಳಿಯೇ ಪಾಠ ಕಲಿತಿದ್ದವು. ಒಂದು ದಿನ ಶ್ರುತಿ ಕದಲದ ಹೊಸ ಪಿಯಾನೋ ಬಂದು ಜೊತೆಗೂಡಿದಾಗ ವೃಂದವೆಲ್ಲ ಅಪಸ್ವರವಾಗಿ ಕೇಳಿತು.

“ನನ್ನ ಶ್ರುತಿ ಇಳಿದುಹೋಗಿದೆ. ಯಾರೂ ಯಾಕೆ ಹೇಳಲಿಲ್ಲ?” ಎಂದಿತು ಓಬೋ.

“ನೀವು ಇಳಿದಂತೆ ನಾವೂ ಇಳಿದೆವು, ಗುರುಗಳೇ. ನಮಗೆ ಗೊತ್ತಾಗಲಿಲ್ಲ,” ಎಂದಿತು ಚೆಲೋ ಎಂಬ ದೊಡ್ಡ ತಂತಿವಾದ್ಯ. “ಪುಟ್ಟ ಪಿಟೀಲೊಂದು ಹೇಳಿತ್ತು. ಅಧಿಕಪ್ರಸಂಗವೆಂದು ನೀವೇ ಅದನ್ನು ಪೆಟ್ಟಿಗೆಯೊಳಗೆ ಹಾಕಿಸಿಬಿಟ್ಟಿರಿ.”

ಓಬೋ ಆ ಪೆಟ್ಟಿಗೆ ತೆಗೆಸಿತು. ಪಿಟೀಲಿನ ತಂತಿಗಳೆಲ್ಲ ಸಡಿಲವಾಗಿದ್ದವು.

“ಮಗು, ನನ್ನ ಸ್ವರ ಎಷ್ಟು ಇಳಿದಿದೆ, ಈಗಲಾದರೂ ಹೇಳು,” ಎಂದು ಬೇಡಿಕೊಂಡು ಓಬೋ ತನ್ನ ಸ್ವರವನ್ನು ಒಮ್ಮೆ ನುಡಿಸಿತು.

ಪಿಟೀಲು ತಲೆ ತಗ್ಗಿಸಿಕೊಂಡೇ ಆಲಿಸಿತು. “ಸರಿಯಾಗಿಯೇ ಇದೆ, ಗುರುಗಳೇ,” ಎಂದಿತು.